ಹಚ್ಚಿದ ಕೈ

"ಅಜ್ಜಾರ, ಮಾಡಿದ ತಪ್ಪನ್ನ ಮನಸ್ಸಿನ್ಯಾಗ ಒಪ್ಪಿಕೊಂಡು, ಗದ್ದಿಗಿ ಮುಂದ ಕೂತು ಅತ್ತರ, ಆ ತಪ್ಪು ತೀರಿದಂಗ ಅಲ್ಲೇನ್ರಿ?"

ಕೇಳಿದವನು ಅಡಿವೆಪ್ಪ, ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಮುಂಜಾನೆಯ ಪೂಜೆ ಆಗಷ್ಟೇ ಮುಗಿದಿತ್ತು. ಅವನ ಕಣ್ಣು ಅತ್ತು ಕೆಂಪಾಗಿದ್ದವು, ಮುಖ ಮಾತ್ರ ಹಗುರಾಗಿತ್ತು.

ಯಾವ ತಪ್ಪು ಎಂದು ಸ್ವಾಮಿಗಳು ಕೇಳಲಿಲ್ಲ. ಹಿಂದಿನ ವಾರ ದಾಸೋಹದ ಪಂಕ್ತಿ ಕುಳಿತಿದ್ದಾಗ, ರೊಟ್ಟಿ ಬಡಿಯುವ ನಿಂಬೆವ್ವ ಬೆಲ್ಲದ ಪೆಂಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳೆಂದು ಅಡಿವೆಪ್ಪ ಎಲ್ಲರೂ ಕೇಳುವಂತೆ ಅಂದಿದ್ದ. ಇದು ಮಠಕ್ಕೆಲ್ಲ ಗೊತ್ತು. ಆ ಪೆಂಟೆ ಆಮೇಲೆ ಅವನೇ ಇಟ್ಟು ಮರೆತ ಹಂಡೆಯಲ್ಲಿ ಸಿಕ್ಕಿತ್ತು. ಅದು ತನಗೊಬ್ಬನಿಗೇ ಗೊತ್ತು ಎಂದು ಅವನು ತಿಳಿದಿದ್ದ.

"ಕೂಡಪಾ," ಎಂದರು ಸ್ವಾಮಿಗಳು. "ಒಬ್ಬ ಕಲಾಯಿ ಹಾಕಾಂವನ ಕತಿ ಹೇಳ್ತೀನಿ."

ಒಂದು ಪೇಟೆಯಲ್ಲಿ ಒಬ್ಬ ಕಲಾಯಿಗಾರನಿದ್ದ. ಮಕ್ತುಮಸಾಬ ಎಂದು ಹೆಸರು. ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಕುಲುಮೆಯಲ್ಲಿ ಕಾಸಿ, ನವಸಾಗರದ ಪುಡಿ ಉದುರಿಸಿ, ತವರ ತಾಗಿಸಿ, ಅರಳೆಯಿಂದ ಒರೆಸಿ ಬೆಳ್ಳಗೆ ಮಾಡಿಕೊಡುತ್ತಿದ್ದ. ಮದುವೆ ಬಂತೆಂದರೆ ಸುತ್ತಲ ಊರಿನ ಹಂಡೆ, ಕೊಪ್ಪರಿಗೆಗಳೆಲ್ಲ ಅವನ ಅಂಗಡಿಗೆ ಬರುತ್ತಿದ್ದವು. ಆ ಕಸುಬಿನಲ್ಲಿ ಚೀಟಿ ಇಲ್ಲ, ರಸೀದಿ ಇಲ್ಲ. ಹೆಣ್ಣುಮಕ್ಕಳು ತವರಿನಿಂದ ತಂದ ಪಾತ್ರೆಯನ್ನು ಅವನ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರು, ಆಮೇಲೆ ಬಂದು ಒಯ್ಯುತ್ತಿದ್ದರು. ಅವನ ಬಂಡವಾಳ ತವರವಲ್ಲ, ಆ ನಂಬಿಕೆ. ಅದು ಹೋದರೆ ಕುಲುಮೆಗೆ ನೀರು ಹೊಯ್ದಂತೆಯೇ.

ಅವನ ಪಕ್ಕದ ಅಂಗಡಿಯಲ್ಲಿ ಸೈಕಲ್ ಮಾರುವವನೊಬ್ಬನಿದ್ದ. ಬ್ಯಾಂಕಿನಲ್ಲಿ ಸಾಲ ಮಾಡಿ, ರಾತ್ರೋರಾತ್ರಿ ಊರು ಬಿಟ್ಟ. ಅಂಗಡಿ ಖಾಲಿ ಉಳಿಯಲಿಲ್ಲ, ಚಹಾದವನೊಬ್ಬ ಬಾಡಿಗೆಗೆ ಹಿಡಿದು ಒಲೆ ಹೂಡಿದ. ಅಂಗಡಿ ಬಾಡಿಗೆಗೆ ಹೋದ ಸುದ್ದಿ ಬ್ಯಾಂಕಿಗೆ ಮುಟ್ಟಿರಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಬ್ಯಾಂಕಿನ ಸಿಬ್ಬಂದಿಯೊಬ್ಬ ಅಂಟಿನ ಡಬ್ಬಿ ಹಿಡಿದು ಬಂದ. ಅಕ್ಕಪಕ್ಕ ಎರಡು ಅಂಗಡಿ, ಎರಡಕ್ಕೂ ಹೆಸರಿನ ಫಲಕವಿಲ್ಲ. ಒಂದರಲ್ಲಿ ಚಹಾ ಕುದಿಯುತ್ತಿತ್ತು, ಇನ್ನೊಂದು ಮುಚ್ಚಿತ್ತು. ಓಡಿಹೋದವನ ಅಂಗಡಿ ಮುಚ್ಚಿರದೆ ತೆರೆದಿರುತ್ತದೆಯೇ? ಅವನ ತರ್ಕ ಗಟ್ಟಿಯಾಗಿತ್ತು, ಅಂಟು ಅದಕ್ಕಿಂತ ಗಟ್ಟಿಯಾಗಿತ್ತು. ಮುಚ್ಚಿದ ಬಾಗಿಲಿನ ನಡುವಿನ ಹಲಗೆಗೆ ದೊಡ್ಡ ಕಾಗದ ಮೆತ್ತಿ ಹೋದ. ಯಾರನ್ನೂ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ, ಕಲಾಯಿಗಾರ ನಮಾಜಿಗೆ ಹೋಗಿದ್ದಾನೆ, ಈಗ ಬರುತ್ತಾನೆ ಎಂದು ಚಹಾದವನೇ ಹೇಳುತ್ತಿದ್ದ.

ಕಾಗದದ ಮೇಲೆ ದಪ್ಪ ಕನ್ನಡದಲ್ಲಿ ಹೀಗಿತ್ತು: ಈ ಅಂಗಡಿಯವರು ಸಾಲ ತೀರಿಸದೆ ವಂಚಿಸಿದ್ದಾರೆ, ಇವರೊಡನೆ ಯಾರೂ ವ್ಯವಹರಿಸಬಾರದು. ಸೈಕಲಿನವನ ಹೆಸರು ತೀರ ಕೆಳಗೆ, ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿತ್ತು. ಪೇಟೆ ಮೇಲಿನದನ್ನು ಓದಿತು. ಕೆಳಗಿನದನ್ನು ಓದುವ ಗೋಜಿಗೆ ಯಾರೂ ಹೋಗಲಿಲ್ಲ.

ಕಲಾಯಿಗಾರ ತಿರುಗಿ ಬಂದಾಗ ಬಾಗಿಲ ಮುಂದೆ ಜನ ನೆರೆದಿದ್ದರು. ಅವನು ಬರುತ್ತಲೂ ಎಲ್ಲರೂ ಏನೋ ಕೆಲಸ ನೆನಪಾದವರಂತೆ ಸರಿದರು. ಸಂಜೆಯೊಳಗೆ ಕಟ್ಟೆಯ ಮೇಲಿದ್ದ ಪಾತ್ರೆಗಳು ಒಂದೊಂದಾಗಿ ಮನೆ ಸೇರಿದವು. ಯಾರೂ ಬೈಯಲಿಲ್ಲ. ಮದುವೆ ಮುಂದಕ್ಕೆ ಹೋಗಿದೆ ಎಂದರು, ಅತ್ತೆ ಬೇಡವೆಂದಳು ಎಂದರು.

ಮದುವೆಯಾಗಿ ಬಂದಂದಿನಿಂದಲೂ ಅವನಿಗೇ ಪಾತ್ರೆ ಕೊಡುತ್ತಿದ್ದ ಗೌರಕ್ಕ ಎಂಬ ಹಿರಿಯಳೊಬ್ಬಳಿದ್ದಳು. ಅವಳು ಮರುದಿನ ಒಂದು ತಂಬಿಗೆ ತಂದಳು. ಅವನಿಗೆ ಜೀವ ಬಂದಂತಾಯಿತು. ಆದರೆ ಅವಳು ತಂಬಿಗೆ ಇಟ್ಟು ಹೋಗಲಿಲ್ಲ. ಕಲಾಯಿ ಮುಗಿಯುವ ತನಕ ಅಲ್ಲೇ ನಿಂತಳು, ಬಿಸಿ ಆರುವ ಮೊದಲೇ ಸೆರಗಿನಲ್ಲಿ ಹಿಡಿದು ಒಯ್ದಳು. ಅವನಿಗೆ ಅಷ್ಟು ನೋವು ಹಿಂದೆಂದೂ ಆಗಿರಲಿಲ್ಲ. ಅವಳು ಬಾರದೇ ಇದ್ದಿದ್ದರೂ ತಡೆದುಕೊಳ್ಳುತ್ತಿದ್ದ.

ಅವನು ಬ್ಯಾಂಕಿಗೆ ಹೋದ. ಅಲ್ಲಿ ಅವನ ಖಾತೆಯೂ ಇತ್ತು. ಮ್ಯಾನೇಜರು ಕೆಟ್ಟವನಲ್ಲ. ಕೂರಿಸಿದ, ಚಹಾ ತರಿಸಿದ, ಕಂಪ್ಯೂಟರಿನಲ್ಲಿ ನೋಡಿದ.

"ನಮ್ಮದ ತಪ್ಪು ನೋಡ್ರಿ. ಈಗ ಕಂಪ್ಯೂಟರಿನ್ಯಾಗ ಸರಿ ಮಾಡೇನಿ. ನೀವು ಹೋಗಿ ಆ ಕಾಗದ ಹರದು ಒಗೀರಿ."

"ಸಾಹೇಬರ, ನೀವು ಕಂಪ್ಯೂಟರಿಗೆ ಹಚ್ಚಿಲ್ಲ, ನನ್ನ ಬಾಗಿಲಿಗೆ ಹಚ್ಚೀರಿ. ಹಚ್ಚಿದ ಕೈಯೇ ಬಂದು ತಗೀಬೇಕ್ರಿ."

ಮ್ಯಾನೇಜರು ನಕ್ಕ. ಒಂದು ಕಾಗದ ಕೀಳಲು ಬ್ಯಾಂಕಿನವರು ಪೇಟೆಗೆ ಬರಬೇಕೇ ಎಂದು ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

ಕಲಾಯಿಗಾರ ಗ್ರಾಹಕರ ಕೋರ್ಟಿಗೆ ಹೋಗುವುದೆಂದು ನಿಶ್ಚಯಿಸಿದ. ಅಲ್ಲಿ ವಕೀಲರಿಲ್ಲದೆ ತಾನೇ ನಿಂತು ಹೇಳಬಹುದೆಂದು ಚಹಾದವನು ತಿಳಿಸಿದ್ದ. ಹೆಂಡತಿ ಹಣೆ ಚಚ್ಚಿಕೊಂಡಳು. "ಸಾಹೇಬರ ಮುಂದ, ಕತ್ತೆಯ ಹಿಂದ ಹೋಗಬಾರದು ಅಂತಾರ. ಬ್ಯಾಂಕಿನ ಕೂಡ ಗುದ್ದಾಡಿ ಗೆದ್ದವರನ್ನ ಯಾರರ ನೋಡ್ಯಾರೇನು? ಒಂದು ತಂಬಿಗಿ ಬಿಸಿನೀರು ಹಾಕಿದ್ರ ಕಾಗದ ಬರತೈತಿ."

ಅವಳ ಮಾತು ಸುಳ್ಳಲ್ಲ. ಬಿಸಿನೀರಿಗೆ ಅವನಲ್ಲಿ ಏನು ಬರ? ಆದರೂ ಅವನು ಕಾಗದ ಮುಟ್ಟಲಿಲ್ಲ. ದಿನವೂ ಮುಂಜಾನೆ ಬಾಗಿಲಿನ ಹಲಗೆಗಳನ್ನು ಒಂದೊಂದಾಗಿ ತೆಗೆದು ಗೋಡೆಗೆ ಒರಗಿಸುವಾಗ, ಕಾಗದದ ಹಲಗೆಯನ್ನು ಬೀದಿಗೆ ಮುಖ ಮಾಡಿಯೇ ಇಡುತ್ತಿದ್ದ. ಗೋಡೆಗೆ ಮುಖ ಮಾಡಿದರೆ ಮುಚ್ಚಿಟ್ಟಂತಾಗುತ್ತದಲ್ಲ. ಮಳೆಗಾಲ ಬಂತು, ಹೋಯಿತು. ಕಾಗದ ಹಳದಿಯಾಯಿತು, ಅಕ್ಷರ ಮಾತ್ರ ಹಾಗೇ ಉಳಿದವು. ಅವನು ಬೇರೆ ಊರಿನ ಸಂತೆಗಳಿಗೆ ಹೋಗಿ ಮಣೆ ಹಾಕಿ ಕೂತು ಹೊಟ್ಟೆ ಹೊರೆದ. ಅಲ್ಲಿಯವರು ಅವನ ಬಾಗಿಲು ಕಂಡಿರಲಿಲ್ಲ.

ಕೊನೆಗೆ ವಿಚಾರಣೆಯ ದಿನ ಬಂತು. ಬ್ಯಾಂಕಿನ ವಕೀಲರು ಎದ್ದು ನಿಂತು, ಇದೇನು ಅಂಥ ದೊಡ್ಡ ಅನ್ಯಾಯವೇ ಎಂದರು. ತಪ್ಪು ಗೊತ್ತಾದ ಗಳಿಗೆಯಲ್ಲೇ ಬ್ಯಾಂಕು ತನ್ನ ದಾಖಲೆ ತಿದ್ದಿದೆ. ಕಾಗದ ಹರಿಯಲು ಒಂದು ನಿಮಿಷ ಸಾಕು, ಈತ ಬೇಕೆಂದೇ ಉಳಿಸಿಕೊಂಡಿದ್ದಾನೆ ಎಂದರು. ಪೀಠದಲ್ಲಿ ಕೂತಿದ್ದ ಹೆಣ್ಣುಮಗಳು ಅವನ ಕಡೆ ತಿರುಗಿ, ನೀವೇ ಏಕೆ ಹರಿಯಲಿಲ್ಲ ಎಂದು ಕೇಳಿದರು.

ಅವನು ಕೈ ಮುಗಿದು ಹೇಳಿದ. "ಅವ್ವಾರ, ನಾ ಹರದ್ರ, ಕಳ್ಳ ಕಾಗದ ಹರದ ಅಂತಾರ. ಅವರು ತಗದ್ರ, ಇವ ಕಳ್ಳ ಅಲ್ಲ ಅಂತಾರ. ನನಗ ಅಷ್ಟ ಬೇಕಾಗೇತ್ರಿ."

ಆ ತಾಯಿ ಅವನ ಮಾತನ್ನು ಬರೆದುಕೊಂಡರು. ಆಮೇಲೆ ಬಂದ ಆದೇಶದಲ್ಲಿ ಅವನಿಗೆ ಪರಿಹಾರ ಕೊಡಬೇಕೆಂದು ಇತ್ತು. ಅದರ ಮೇಲೆ ಇನ್ನೊಂದು ಸಾಲೂ ಇತ್ತು: ಬ್ಯಾಂಕಿನ ಮ್ಯಾನೇಜರು ಸ್ವತಃ ಹೋಗಿ, ಸಂತೆಯ ದಿನ, ಜನರ ಎದುರಿಗೆ ಆ ಕಾಗದ ತೆಗೆಯತಕ್ಕದ್ದು.

ಸಂತೆಯ ದಿನ ಮ್ಯಾನೇಜರು ಬಂದ. ಅಂದು ಅಂಟು ಹಚ್ಚಿದ್ದ ಸಿಬ್ಬಂದಿಯೂ ಜೊತೆಗಿದ್ದ. ಪೇಟೆಯೆಲ್ಲ ಸೇರಿತು, ಚಹಾದವನಿಗೆ ಹಬ್ಬದ ವ್ಯಾಪಾರ. ಮ್ಯಾನೇಜರು ಉಗುರಿನಿಂದ ಕೆರೆದ. ಕಾಗದ ಬರಲಿಲ್ಲ. ಕೀಲಿಯಿಂದ ಕೆರೆದ, ಅಂಚು ಮಾತ್ರ ಪುಡಿಯಾಗಿ ಉದುರಿತು. ಬಿಸಿಲಿಗೆ ಅವನ ಅಂಗಿ ತೊಯ್ದು ಬೆನ್ನಿಗೆ ಹತ್ತಿತು. ಹಚ್ಚುವುದು ಎಷ್ಟು ಸುಲಭ, ಕೀಳುವುದು ಎಷ್ಟು ಕಷ್ಟ ಎಂಬುದು ಅವನಿಗೆ ಆ ಕಟ್ಟೆಯ ಮೇಲೆ ಗೊತ್ತಾಯಿತು.

ಕಲಾಯಿಗಾರ ಎದ್ದ. ಕುಲುಮೆಯ ಮೇಲಿದ್ದ ಬಿಸಿನೀರನ್ನು ತಂಬಿಗೆಯಲ್ಲಿ ತಂದು, ಒಂದು ಹಿಡಿ ಅರಳೆಯ ಜೊತೆ ಮ್ಯಾನೇಜರಿನ ಮುಂದಿಟ್ಟ. ತಾನು ಮಾತ್ರ ಕೈ ಹಚ್ಚಲಿಲ್ಲ. ಮ್ಯಾನೇಜರು ಅರಳೆ ಅದ್ದಿ ಅದ್ದಿ ಒರೆಸಿದ. ಕಾಗದ ನೆನೆದು, ಮೆತ್ತಗಾಗಿ, ಸಿಪ್ಪೆ ಸುಲಿದಂತೆ ಬಂತು. ಆಗ ಅವನು ಜನರ ಕಡೆ ತಿರುಗಿ ಆದೇಶದಲ್ಲಿ ಇಲ್ಲದ ಮಾತೊಂದನ್ನು ತಾನಾಗಿಯೇ ಆಡಿದ. "ಇವರ ಮ್ಯಾಲೆ ಯಾವ ಸಾಲಾನೂ ಇರಲಿಲ್ಲ. ತಪ್ಪು ಪೂರಾ ನಮ್ಮದು."

ಹೇಳಿದ ಮೇಲೆ ಮ್ಯಾನೇಜರಿಗೂ ಎದೆಯ ಭಾರ ಇಳಿಯಿತು. ಅವನು ಕಟ್ಟೆಯ ಮೇಲೆಯೇ ಕೂತುಬಿಟ್ಟ. ಈ ಸಲ ಚಹಾ ತರಿಸಿದವನು ಕಲಾಯಿಗಾರ. ಇಬ್ಬರೂ ಒಂದೇ ತಟ್ಟೆಯ ಎರಡು ಲೋಟ ಎತ್ತಿಕೊಂಡು ಕುಡಿದರು. ಇಷ್ಟು ದಿನ ಎದೆಯಲ್ಲಿ ಕೂತಿದ್ದ ಕಲ್ಲು ಎಲ್ಲಿ ಹೋಯಿತೆಂದು ಕಲಾಯಿಗಾರನಿಗೆ ತಿಳಿಯಲಿಲ್ಲ. ಸುಮ್ಮನೆ ನಗು ಬರುತ್ತಿತ್ತು.

ಅಷ್ಟರಲ್ಲಿ ಗೌರಕ್ಕ ಗುಂಪು ಸರಿಸಿಕೊಂಡು ಬಂದಳು. ಅವಳ ಸೊಂಟದಲ್ಲಿ ಮನೆಯ ದೊಡ್ಡ ಹಂಡೆಯಿತ್ತು. ಅದನ್ನು ಕಟ್ಟೆಯ ಮೇಲೆ ಧಡ್ಡೆಂದು ಇಟ್ಟಳು. ಯಾವಾಗ ಬರಲಿ ಎಂದೂ ಕೇಳದೆ, ತಿರುಗಿಯೂ ನೋಡದೆ, ಕಾಯಿಪಲ್ಲೆ ಕೊಳ್ಳಲು ಹೊರಟುಹೋದಳು.

ಕಲಾಯಿಗಾರ ಅವಳು ಹೋದ ದಾರಿಯನ್ನೇ ನೋಡಿದ. ಆಮೇಲೆ ಕಣ್ಣೊರೆಸಿಕೊಂಡು ಕುಲುಮೆ ಊದಿದ.

ಸ್ವಾಮಿಗಳು ಕತೆ ನಿಲ್ಲಿಸಿದರು. ಅಡಿವೆಪ್ಪನ ಮುಖ ಅರಳಿತ್ತು. "ಚಲೋ ಆತ್ರಿ ಅಜ್ಜಾರ, ನನಗೂ ಈಗ ಸಮಾಧಾನ ಆತು. ಅಲ್ರೀ, ಕಂಪ್ಯೂಟರಿನ್ಯಾಗ ಸರಿ ಮಾಡಿದ್ರ ಸಾಕು ಅಂದಿದ್ನಲ್ರಿ ಆ ಮ್ಯಾನೇಜರು, ಅವ ಎಂಥಾ ಮನಷ್ಯಾ ಇರಬೇಕು?" ಎಂದು ನಕ್ಕ.

ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಬರುತ್ತಿತ್ತು. ಸ್ವಾಮಿಗಳು ಅದನ್ನು ಕೇಳುತ್ತ ಕೂತರು. ಕೇಳುತ್ತ ಕೇಳುತ್ತ ಅಡಿವೆಪ್ಪನ ನಗು ನಿಂತಿತು.

"ನಿಂಬೆವ್ವ ಈಗ ದಿನಾ ಮನೀಗೆ ಹೊಂಟಾಗ ಬಾಗಿಲದಾಗ ನಿಂತು, ಸೆರಗು ಝಾಡಿಸಿ ತೋರಿಸಿ ಹೋಗ್ತಾಳ. ನೀ ಅವತ್ತ ಮಾತಾಡಿದ ಪಂಕ್ತಿ ಇವತ್ತೂ ಕೂಡತೈತಿ, ಅಡಿವೆಪ್ಪ."