ದೊಡ್ಡಿಗೆ ಬಿದ್ದ ನೇರಳೆ ಕಾಳು

"ನನ್ನ ಬೀಜ ಎಲ್ಲಿಗೆ ಹೋದರೂ ನನ್ನದೇ, ಮಹಾಪ್ರಭು! ಹೊಲ ಯಾರದ್ದಾದರೂ ಇರಲಿ, ಕಾಳು ಈ ಸಂಕಣ್ಣ ಶೆಟ್ಟಿಯದು!"

ಪಾಳೆಯಗಾರ ಕೆಂಗನಾಯಕರ ಸಭೆಯಲ್ಲಿ ಬೀಜದ ವ್ಯಾಪಾರಿ ಎದೆ ತಟ್ಟಿಕೊಂಡು ಹೇಳಿದ ಮಾತಿದು. ಒಂದು ತಳಿಗೆ ಇನ್ನೊಂದನ್ನು ಬೆರೆಸಿ, ಹುಳು ಮುಟ್ಟದ ನೇರಳೆ ಮೆಕ್ಕೆಜೋಳವನ್ನು ಆತ ಹುಟ್ಟಿಸಿದ್ದ. ಅಂದಿನಿಂದ ಆತನ ಕಾಲು ನೆಲದ ಮೇಲೆ ನಿಂತದ್ದಿಲ್ಲ.

ಎದುರಿಗೆ ಪಕ್ಕದ ಹೊಲದ ಬೊಮ್ಮಕ್ಕ ನಿಂತಿದ್ದಳು. ಅತ್ತೆಯ ಕಾಲದಿಂದ ಬಿತ್ತಿಕೊಂಡು ಬಂದ ಬಿಳಿ ಮೆಕ್ಕೆಜೋಳ ಅವಳದು. ಈ ಸಲ ತೆನೆ ಸುಲಿದರೆ ಬಿಳಿ ಕಾಳಿನ ನಡುನಡುವೆ ನೇರಳೆ ಕಾಳು. ಶೆಟ್ಟಿಯ ಹೊಲದ ಹೂವಿನ ದೂಳನ್ನು ಗಾಳಿ ತಂದು ಸುರಿದಿತ್ತು.

"ಇವಳು ಕಳ್ಳಿ. ಬೆಳೆಯೆಲ್ಲ ನನಗೆ ಸೇರಬೇಕು!"

"ನಾನ್ಯಾಕೆ ಕದೀಲಿ ಬುದ್ಧಿ? ಬೀಜಕ್ಕೆ ಎತ್ತಿಡೋಕೆ ಒಂದು ಚೊಕ್ಕ ತೆನೆ ಉಳಿದಿಲ್ಲ. ಮುಂದಿನ ವರ್ಷ ಏನು ಬಿತ್ತಲಿ?" ಬೊಮ್ಮಕ್ಕ ಸೆರಗಿನಲ್ಲಿದ್ದ ತೆನೆಗಳನ್ನು ನಾಯಕರ ಮುಂದೆ ಸುರಿದಳು.

ನಾಯಕರಿಗೆ ಪೇಚಾಟ. ಕಾಳು ನೋಡಿದರೆ ಶೆಟ್ಟಿಯದೇ, ಹೆಂಗಸನ್ನು ನೋಡಿದರೆ ಅಯ್ಯೋ ಅನಿಸುತ್ತದೆ. ಆಸ್ಥಾನದ ಜಾಣ ತಿಪ್ಪರಸನ ಕಡೆ ತಿರುಗಿದರು.

ತಿಪ್ಪರಸ ಒಂದು ತೆನೆ ಎತ್ತಿಕೊಂಡ. "ಶೆಟ್ರೇ, ಸರಿಯಾಗಿ ನೋಡಿ. ಈ ಕಾಳು ನಿಮ್ಮದೇನಾ?"

"ನಂದೇ!"

"ಈ ಮೂಲೇಲಿರೋ ಪುಟಾಣಿ?"

"ಅದೂ ನಂದೇ, ಮನೆದೇವರಾಣೆ!"

"ಬೊಮ್ಮಕ್ಕ ಬಂದು ತಗೊಂಡು ಹೋದಳಾ?"

"ಅವಳ್ಯಾಕೆ ಬರಬೇಕು? ತಾನೇ ನುಗ್ಗಿದೆ ಸ್ವಾಮಿ! ಅಷ್ಟು ಗಟ್ಟಿ ಬೀಜ ನನ್ನದು."

ತಿಪ್ಪರಸ ನಾಯಕರಿಗೆ ಕೈಮುಗಿದ. "ಮುಗೀತು ಪ್ರಭು. ಇದು ಕಳವಿನ ನ್ಯಾಯ ಅಲ್ಲ, ದೊಡ್ಡಿಯ ನ್ಯಾಯ."

ಸಭೆ ಕಿಸಕ್ಕನೆ ನಕ್ಕಿತು. ದೊಡ್ಡಿಯ ಕಟ್ಟಳೆ ಗೊತ್ತಿಲ್ಲದವರು ಆ ಸೀಮೆಯಲ್ಲೇ ಇರಲಿಲ್ಲ. ಕಂಡವರ ಹೊಲಕ್ಕೆ ನುಗ್ಗಿ ಮೇಯ್ದ ದನವನ್ನು ಹಿಡಿದು ದೊಡ್ಡಿಗೆ ಕೂಡುತ್ತಾರೆ. 'ಇದು ನಂದು' ಎಂದವನು ಬೆಳೆಯ ನಷ್ಟ ತುಂಬಿಕೊಟ್ಟೇ ಬಿಡಿಸಿಕೊಳ್ಳಬೇಕು. ಅದಕ್ಕೇ ದನ 'ಅಂಬಾ' ಎಂದು ಕರೆದರೂ ಯಜಮಾನ ಆಕಾಶ ನೋಡುತ್ತ ದೊಡ್ಡಿ ದಾಟಿ ಹೋಗುವುದು. ಆಣೆ ಹಾಕಿ 'ನಂದೇ' ಎಂದು ಕೂಗಿದ ಮಹಾನುಭಾವ ಈ ಶೆಟ್ಟಿಯೊಬ್ಬನೇ.

ಶೆಟ್ಟಿಯ ಮುಖ ಇಳಿಯಿತು. "ಗಾಳಿ ತಂದದ್ದು ಸ್ವಾಮಿ... ನಂದು ಅಂತ ಹೇಗೆ ಹೇಳೋದು?"

"ನಿಮ್ಮದಲ್ಲದಿದ್ರೆ ಅವಳು ಕಳ್ಳಿ ಹೇಗಾದಳು? ನಿಮ್ಮದೇ ಆದ್ರೆ ನಷ್ಟ ತುಂಬಿ. ಯಾವುದು ಬೇಕೋ ಆರಿಸ್ಕೊಳ್ಳಿ. ಮನೆದೇವರು ಕೇಳಿಸ್ಕೊಂಡಿದೆ, ಅದನ್ನ ಮರೀಬೇಡಿ."

ನಾಯಕರು ತೀರ್ಪು ಕೊಟ್ಟರು. ಬೆಳೆ ಬೊಮ್ಮಕ್ಕನದೇ. ಅವಳ ನಾದಿನಿ ಮದುವೆಯಾಗಿ ಹೋಗುವಾಗ ಮಡಿಲಲ್ಲಿ ಕಟ್ಟಿಕೊಂಡು ಹೋದ ಅದೇ ಬಿಳಿ ಮೆಕ್ಕೆಜೋಳ ಆಕೆಯ ಗಂಡನ ಊರಲ್ಲಿ ಈಗಲೂ ಇದೆ. ಶೆಟ್ಟಿ ತಾನೇ ಹೋಗಿ, ಕೇಳಿದ ಬೆಲೆ ಕೊಟ್ಟು, ಆ ಬೀಜವನ್ನು ಹೊತ್ತು ತರಬೇಕು. ಇನ್ನು ಮುಂದೆ ನೇರಳೆ ಬಿತ್ತುವುದಿದ್ದರೆ ಗುಡ್ಡದ ಆಚೆ.

ಬೊಮ್ಮಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ನಾಯಕರು ಹೆಗಲ ಶಾಲನ್ನು ತೆಗೆದು ತಿಪ್ಪರಸನಿಗೆ ಹೊದಿಸಿದರು.

ಶೆಟ್ಟಿ ಮಾತ್ರ ಬಾಗಿಲಲ್ಲಿ ನಿಂತು ಗೊಣಗಿದ. "ಗುಡ್ಡದ ಆಚೆಯಿಂದಲೂ ಗಾಳಿ ಹಾರಿಸ್ಕೊಂಡು ಬಂದ್ರೆ ನಾನೇನು ಮಾಡ್ಲಿ?"

"ಮಾಡೋದೇನು ಶೆಟ್ರೇ," ಎಂದ ತಿಪ್ಪರಸ ಶಾಲು ಸರಿಮಾಡಿಕೊಳ್ಳುತ್ತ, "ನೀವೂ ಎಲ್ಲರ ಹಾಗೆ ಆಕಾಶ ನೋಡೋದು ಕಲೀರಿ."