ಎರಡು ರ‍್ಯಾಮುಗಳ ನಡಿಗೆ

ಶೈಲಜಾ ಸೆಕೆಂಡ್ ಹ್ಯಾಂಡ್ ಸಾಮಾನು ಕೂಡಿಸಿ ಆಟಕ್ಕೆಂದು ಒಂದು ಕಂಪ್ಯೂಟರ್ ಕಟ್ಟಿದ್ದಳು. ಆಟದ ಹೊರೆ ಹೊರಲು ಅದರಲ್ಲಿ ಮೆಮೊರಿ ಪಟ್ಟಿ ಎಂದರೆ ಒಂದೇ ಒಂದು ಹಳೆ ರ‍್ಯಾಮ್ ಇತ್ತು. ಅದರ ಪಕ್ಕಕ್ಕೆ ಹೊಸ ರ‍್ಯಾಮ್ ಬಂದು ಕೂತಿತು, ಮೈತುಂಬ ಬಣ್ಣದ ದೀಪ.

"ಅಜ್ಜಾ, ನಾನು ಓಡುವವನು. ನಿನ್ನ ಜೊತೆಗಿದ್ದರೆ ನಿನ್ನ ಹಾಗೇ ನಡೀಬೇಕಂತೆ!"

"ನಡೆಯೋಣ ತಮ್ಮಾ. ಮಾತಾಡ್ತಾ ಹೋಗಬಹುದು."

"ಮಾತಿಗೆ ನಿನಗೆ ಸದಾ ಗುಂಯ್ ಅನ್ನೋ ಆ ಫ್ಯಾನ್ ಸಾಕು!"

ಶೈಲಜಾಗೂ ಹೊಸದರ ವೇಗವೇ ಬೇಕಿತ್ತು. ಹಳೆಯದನ್ನು ಕಿತ್ತು ಮೇಜಿನ ಮೇಲಿಟ್ಟಳು. ಇನ್ನು ಗುಜರಿಯೇ ಗತಿ ಎಂದು ಅದು ಸುಮ್ಮನೆ ಮಲಗಿತು.

ಕಾರ್ ರೇಸ್ ಶುರುವಾಯಿತು. ಹೊಸದು ಒಂದೇ ಉಸಿರಿಗೆ ಓಡಿತು. ಎರಡನೇ ತಿರುವಿಗೆ ಹೊರೆ ಜಾಸ್ತಿಯಾಗಿ, ಹಾರಿದ ಕಾರು ಗಾಳಿಯಲ್ಲೇ ನಿಂತುಬಿಟ್ಟಿತು.

"ಅಜ್ಜಾ, ಎಲ್ಲಿದ್ದೀಯೋ? ಒಂದು ಕೈ ಹಾಕು ಬಾ!"

ಗಾಳಿಯಲ್ಲಿ ನಿಂತ ಕಾರು ನೋಡಿ ಶೈಲಜಾ ಬಿದ್ದು ಬಿದ್ದು ನಕ್ಕಳು. ಕಂಪ್ಯೂಟರ್ ಆರಿಸಿ, ಹಳೆ ರ‍್ಯಾಮಿನ ಅಂಚನ್ನು ಕೊಳೆ ಹೋಗಲೆಂದು ಪೆನ್ಸಿಲ್ ರಬ್ಬರಿನಿಂದ ಉಜ್ಜಿದಳು.

"ಅಯ್ಯೋ, ಕಚಗುಳಿ!" ಎನ್ನುತ್ತಲೇ ಅದು ತನ್ನ ಜಾಗಕ್ಕೆ ಹೋಗಿ ಕೂತಿತು.

ಈ ಸಲ ಕಾರು ಹಾರಿತು, ಇಳಿಯಿತು, ಮತ್ತೆ ಹಾರಿತು. ಫ್ಯಾನ್ ಶಿಳ್ಳೆ ಹೊಡೆಯಿತು.

"ನಿನಗೆ ಭಾರ ಆದೆನೇನೋ ತಮ್ಮಾ? ನಾನು ನಿಧಾನ," ಎಂದಿತು ಹಳೆಯದು.

"ಇನ್ನೂ ನಿಧಾನಕ್ಕೆ ಹೋಗೋಣ ಅಜ್ಜಾ," ಎಂದಿತು ಹೊಸದು. "ಮಾತು ಮುಗಿದಿಲ್ಲ."