ಇಪ್ಪತ್ತು ಹೌದು

ತುಂಗಭದ್ರೆಯ ದಂಡೆಯ ಆಶ್ರಮದಲ್ಲಿ ಅಡಿವೆಪ್ಪನೆಂಬ ಶಿಷ್ಯನಿದ್ದ. ಬಹಳ ಓದಿಕೊಂಡವನು, ಅದು ಅವನಿಗೂ ಗೊತ್ತಿತ್ತು.

ಆಚೆ ದಂಡೆಯಲ್ಲಿ ಸಾವಂತ್ರವ್ವ ಎಂಬ ಮುದುಕಿ, ಕಲಾವಿದೆ. ಆಕೆ ಕುಂಚ ಹಿಡಿದವಳಲ್ಲ. ಹಳೆಯ ಬಟ್ಟೆಯನ್ನು ಹೊಳೆಯ ಕೆಸರಿನಲ್ಲಿ ಹೂಳುತ್ತಿದ್ದಳು. ತಿಂಗಳುಗಟ್ಟಲೆ ಬಿಟ್ಟು ತೆಗೆದು ಗೋಡೆಗೆ ತೂಗುಹಾಕುತ್ತಿದ್ದಳು. ಬೇರು, ಹುಳು, ನೀರು ಬಿಡಿಸಿದ್ದೇ ಚಿತ್ರ. ವರ್ಷದೊಳಗೆ ಅದೂ ಪುಡಿಯಾಗುತ್ತಿತ್ತು.

"ಆಕೀಗೆ ವಯಸ್ಸಾತು. ಗ್ವಾಡಿಗೆ ತೂಗಿದ ಆ ಅರಿವಿನೂ ಉಳಿಯೂದಿಲ್ಲ. ನೀ ಕೇಳಿ ಬರದದ್ದಷ್ಟ ಉಳೀತೈತಿ," ಎಂದು ಗುರುಗಳು ಅಡಿವೆಪ್ಪನನ್ನು ಕಳಿಸಿದರು.

ಸಂಜೆ ಅವನು ಬೀಗುತ್ತ ಬಂದ.

"ಇಪ್ಪತ್ತು ಪ್ರಶ್ನೆ ಕೇಳಿದೆ, ಅಜ್ಜಾರ. ಇದು ಸಾವಿನ ಸಂಕೇತ ಹೌದಲ್ರಿ, ಇದು ಕಾಲದ ಮಹಿಮೆ ಹೌದಲ್ರಿ ಅಂತ. ಇಪ್ಪತ್ತಕ್ಕೂ ಹೌದು ಅಂದ್ರು!"

ಗುರುಗಳು ಅವನು ಬರೆದು ತಂದ ಪುಸ್ತಕವನ್ನು ಓದಿ ಮಡಚಿಟ್ಟರು.

"ದಾರ್‍ಯಾಗ ಬಿಸಲು ಬಾಳ ಇತ್ತಲ್ಲ?"

"ಹೌದ್ರಿ ಅಜ್ಜಾರ."

"ಮುಂಜಾನಿಂದ ಮಳಿ ಹತ್ತೈತಲ್ಲೋ!"

ಅಡಿವೆಪ್ಪನ ಅಂಗಿ ಇನ್ನೂ ತೊಯ್ದು ಮೈಗೆ ಅಂಟಿತ್ತು. "ನೀವು ಕೇಳಿದ್ರಿ. ಅಲ್ಲ ಅಂತ ಹೆಂಗ ಅನ್ನಲಿ?"

ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖ ಸಪ್ಪಗಾಯಿತು. ಆಶ್ರಮದಿಂದ ಬಂದವನ ಮಾತಿಗೆ ಆ ಮುದುಕಿ ಎದುರಾಡಿಯಾಳೇ? ಅವನಿಗೆ ನಾಚಿಕೆಯಾಯಿತು.

ಮರುದಿನ ಪ್ರಶ್ನೆಗಳ ಪಟ್ಟಿ ಬಿಟ್ಟು ಹೋದ. ಒಂದು ಬಟ್ಟೆ ತೋರಿಸಿ, "ಇದನ್ನ ಹೆಂಗ ಮಾಡಿದ್ರಿ, ಯವ್ವಾ?" ಎಂದು ಕೇಳಿ ಸುಮ್ಮನಾದ. ಆಕೆ ಎದ್ದು ಒಲೆಯ ಮೇಲೆ ಚಹಾಕ್ಕೆ ಇಟ್ಟಳು. ಅವನ ನಾಲಿಗೆ ತುರಿಸುತ್ತಿತ್ತು, ಕಷ್ಟಪಟ್ಟು ತಡೆದುಕೊಂಡ.

"ನಾ ಎಲ್ಲಿ ಮಾಡೀನಿ, ತಮ್ಮಾ? ಮಣ್ಣು ಮಾಡೈತಿ," ಎಂದಳು ಕೊನೆಗೆ. "ಹೊರಗ ತಗಿಯೂ ದಿನಾ ಅಷ್ಟ ನಂದು."

"ಆ ದಿನಾ ಹೆಂಗ ಗೊತ್ತಾಗತೈತ್ರಿ?"

ಸಾವಂತ್ರವ್ವ ಅವನ ಕಡೆ ತಿರುಗಿ ಕುಳಿತಳು. ಒಲೆಯ ಮೇಲಿನ ಚಹಾ ಬತ್ತಿಹೋದರೂ ಅವಳ ಮಾತು ನಿಲ್ಲಲಿಲ್ಲ.

"ಪುಸ್ತಕ ತುಂಬೇತ್ರಿ ಅಜ್ಜಾರ," ಎಂದ ಅಡಿವೆಪ್ಪ, ಮರಳಿ ಬಂದು. "ಆದ್ರ ನಡುವ ಒಂದು ತಪ್ಪಾತು. ಅರಿವ್ಯಾಗಿನ ಒಂದು ತೂತು ನೋಡಿ, ಇದು ದುಃಖ ಹೌದಲ್ರಿ ಅಂದುಬಿಟ್ಟೆ."

"ಏನಂದ್ಲು?"

"'ಅಲ್ಲೋ ಹುಚ್ಚಪ್ಪಾ, ಅಲ್ಲಿ ಇರಬಿ ಗೂಡು ಕಟ್ಟಿದ್ವು. ನನ್ನ ಜೀವಮಾನದಾಗ ನಾ ಅಷ್ಟು ನಕ್ಕದ್ದಿಲ್ಲ' ಅಂದ್ರು. ಅದೊಂದು ಮಾತು ಹೊಡದು ಹಾಕ್ಲೇನ್ರಿ?"

ಗುರುಗಳು ಪುಸ್ತಕವನ್ನು ಅವನ ಕೈಗೇ ತಿರುಗಿ ಕೊಟ್ಟರು.

"ಅಲ್ಲಿಂದನ ಸುರು ಮಾಡು."